ಹೋರಿ ತುಟಿ ಮಡಚುವುದೇಕೆ?

ಹಸುವಿನ ಗಂಜಲ ಮೂಸಿದ ಹೋರಿ ತಲೆಯೆತ್ತಿ, ಕತ್ತು ಚಾಚಿ, ಮೇಲ್ದುಟಿ ಮಡಚಿ ಕೆಲಹೊತ್ತು ಹಾಗೆಯೇ ನಿಲ್ಲುವುದನ್ನು ತಾವು ನೋಡಿಯೇ ಇರುತ್ತೀರಿ. ಹೋರಿ ನಗುತ್ತಿದೆ ಎಂದು ಹುಡುಗರು ಗೇಲಿ ಮಾಡುವುದುಂಟು. ಅದು ನಗೆಯಲ್ಲ, ಪರೀಕ್ಷೆ. ಹಸು ಬೆದೆಗೆ ಬಂದಿದೆಯೇ ಎಂದು ಹೋರಿ ತಿಳಿದುಕೊಳ್ಳುವ ಬಗೆ ಇದು. ಕೋಣ, ಟಗರು, ಹೋತಗಳೂ ಹೀಗೆಯೇ ಮಾಡುತ್ತವೆ.

ಎರಡು ಬಗೆಯ ಮೂಗು

ದನಕ್ಕೆ ವಾಸನೆ ಹಿಡಿಯುವ ಅಂಗಗಳು ಎರಡಿವೆ. ಮೊದಲನೆಯದು ನಮಗೂ ಇರುವಂಥದೇ. ಮೂಗಿನ ಒಳಗೆ, ಹಿಂದೆ ಮೇಲ್ಗಡೆ, ಸುರುಳಿ ಸುರುಳಿಯಾದ ತೆಳು ಎಲುಬುಗಳ ಮೇಲೆ ಒದ್ದೆಯಾದ ಪೊರೆಯೊಂದಿದೆ. ಗಾಳಿಯಲ್ಲಿ ತೇಲಿ ಬಂದ ವಾಸನೆ ಅಲ್ಲಿ ತಗಲುತ್ತದೆ. ಅಲ್ಲಿಂದ ಹೊರಟ ನರಗಳು ಜರಡಿಯಂತೆ ತೂತುಗಳಿರುವ ಎಲುಬನ್ನು ದಾಟಿ ಮಿದುಳನ್ನು ಸೇರುತ್ತವೆ. ಮೇವು ಮುಗ್ಗಿದೆಯೋ ಇಲ್ಲವೋ ಎಂಬುದನ್ನು ದನ ತಿಳಿಯುವುದು ಈ ಮೂಗಿನಿಂದ.

ಎರಡನೆಯದು ಗುಪ್ತವಾದದ್ದು. ಮೂಗಿನ ನಡುಗೋಡೆಯ ಬುಡದಲ್ಲಿ, ಎರಡೂ ಪಕ್ಕಕ್ಕೆ ಒಂದೊಂದರಂತೆ, ಮೃದುವಾದ ಎಲುಬಿನ ಹೊದಿಕೆಯೊಳಗೆ ಸಣ್ಣ ಕೊಳವೆಗಳಿವೆ. 1811ರಲ್ಲಿ ಇದನ್ನು ವಿವರಿಸಿದ ಡೆನ್ಮಾರ್ಕಿನ ಶಸ್ತ್ರವೈದ್ಯ ಲುಡ್ವಿಗ್ ಯಾಕೋಬ್ಸನ್ ಅವರ ಹೆಸರೇ ಇದಕ್ಕೆ ಬಂದಿದೆ. ದನದ ಬಾಯಿ ತೆರೆದು ನೋಡಿದರೆ ಇದರ ಬಾಗಿಲು ಕಾಣುತ್ತದೆ. ಮೇಲ್ದವಡೆಯ ಮುಂದೆ ಹಲ್ಲಿಲ್ಲದ ಗಟ್ಟಿ ದಿಂಡಿನ ಹಿಂದೆಯೇ ಅಂಗುಳಿನಲ್ಲಿ ಸಣ್ಣ ಉಬ್ಬು ಇದೆ. ಅದರ ಎರಡೂ ಪಕ್ಕ ಕಿರಿದಾದ ರಂಧ್ರಗಳಿವೆ. ಅವೇ ಒಳದಾರಿ.

ಗಂಜಲದಲ್ಲಿ ಗಾಳಿಗೆ ಏಳದ ಭಾರವಾದ ಪದಾರ್ಥಗಳೂ ಇರುತ್ತವೆ. ಅವನ್ನು ಮೂಸಿ ತಿಳಿಯಲಾಗದು, ಒಳಕ್ಕೆ ಎಳೆದುಕೊಳ್ಳಬೇಕು. ಹೋರಿ ಗಂಜಲವನ್ನು ನೆಕ್ಕಿ ತುಟಿ ಮಡಚಿದಾಗ ಆಗುವುದು ಇದೇ. ಕೊಳವೆಯ ಸುತ್ತಲಿನ ರಕ್ತನಾಳಗಳು ಉಬ್ಬಿ ಕುಗ್ಗಿ, ಪಂಪಿನಂತೆ ದ್ರವವನ್ನು ಹೀರುತ್ತವೆ. ಈ ಸುದ್ದಿ ಬೇರೆಯೇ ನರಗಳ ದಾರಿ ಹಿಡಿದು, ಮಿದುಳಿನಲ್ಲಿ ಸಂತಾನದ ಚಟುವಟಿಕೆ ನಡೆಸುವ ಭಾಗವನ್ನು ಮುಟ್ಟುತ್ತದೆ.

ಆದರೆ ಒಂದು ಮಾತು ನೆನಪಿಡಿ. ತುಟಿ ಮಡಚಿದ ಮಾತ್ರಕ್ಕೆ ಹಸು ಬೆದೆಯಲ್ಲಿದೆ ಎಂದಲ್ಲ. ಬೆದೆಯಿಲ್ಲದ ಹಸುವನ್ನೂ ಹೋರಿ ಹೀಗೆ ಪರೀಕ್ಷಿಸುತ್ತದೆ. ಪರೀಕ್ಷಿಸಿದ ಮೇಲೂ ಬಿಡದೆ ಬೆನ್ನು ಹತ್ತಿದರೆ ಆಗ ಗಮನಿಸಬೇಕು.

ಮೂಗಿನ ಕೆಲಸ ಈಗ ನಿಮ್ಮ ಕಣ್ಣಿಗೆ

ಕೃತಕ ಗರ್ಭಧಾರಣೆ ಬಂದ ಮೇಲೆ ಎಷ್ಟೋ ಹಳ್ಳಿಗಳಲ್ಲಿ ಹೋರಿ ಸಾಕುವವರಿಲ್ಲ. ಹೋರಿಯ ಜೊತೆ ಅದರ ಮೂಗೂ ಹೋಯಿತು. ಬೆದೆ ಕಂಡುಹಿಡಿಯುವ ಹೊಣೆ ಈಗ ಯಜಮಾನನದು, ಮನೆಯಾಕೆಯದು. ಬೆದೆ ಇರುವುದು ಸುಮಾರು 12ರಿಂದ 18 ಗಂಟೆ ಮಾತ್ರ. ಒಮ್ಮೆ ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು. ಅಷ್ಟು ದಿನದ ಮೇವು, ಹಿಂಡಿ ದಂಡ. ಮುಂದಿನ ಕರು, ಹಾಲು ಎರಡೂ ತಡ.

ಆದ್ದರಿಂದ ಬೆಳಿಗ್ಗೆ, ಸಂಜೆ, ಮಲಗುವ ಮುನ್ನ ಕೊಟ್ಟಿಗೆಗೆ ಹೋಗಿ ನೋಡಿ. ಬೇರೆ ದನ ಮೇಲೆ ಹತ್ತಿದಾಗ ಅಲುಗದೆ ನಿಲ್ಲುವ ಹಸು ನಿಜವಾಗಿ ಬೆದೆಯಲ್ಲಿದೆ. ಯೋನಿಯಿಂದ ತಿಳಿಯಾದ ಲೋಳೆ ಇಳಿಯುವುದು, ಕೂಗುವುದು, ಹಾಲು ಇಳಿಮುಖವಾಗುವುದು, ಪದೇ ಪದೇ ಗಂಜಲ ಹೊಯ್ಯುವುದು ಇತರ ಗುರುತುಗಳು. ಎಮ್ಮೆಯದು ಹೆಚ್ಚಾಗಿ ಮೂಕ ಬೆದೆ; ಬೇಸಿಗೆಯಲ್ಲಂತೂ ರಾತ್ರಿಯೇ ಬಂದು ಹೋಗಬಹುದು. ಅದಕ್ಕೆ ಇನ್ನೂ ಹೆಚ್ಚಿನ ನಿಗಾ ಬೇಕು.

ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಿ. ಬೆದೆಯ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, 18ನೇ ದಿನದಿಂದ ಮತ್ತೆ ಕಣ್ಣಿಡಿ. ಕರು ಹಾಕಿ 90 ದಿನ ಕಳೆದರೂ ಬೆದೆ ಕಾಣದಿದ್ದರೆ ಪಶುವೈದ್ಯರಿಗೆ ತೋರಿಸಿ.