ಹಕ್ಕಲಿನ ಹೊಲ, ಸಂಜೆಯ ಕೂಲಿ

ಕ್ರೈಸ್ತರ ಪವಿತ್ರಗ್ರಂಥವನ್ನು ಮೊದಲ ಬಾರಿಗೆ ತೆರೆದ ಕನ್ನಡ ವಾಚಕರಲ್ಲಿ ಬಹುಮಂದಿ ನೇರವಾಗಿ ಯೇಸುವಿನ ಚರಿತ್ರೆಗೆ ಹೋಗುವುದೂ, ಅದಕ್ಕೆ ಮುಂಚೆ ಬರುವ ಹಳೆಯ ಒಡಂಬಡಿಕೆಯನ್ನು ವಂಶಾವಳಿ, ಯುದ್ಧ, ಬಲಿವಿಧಿಗಳ ಶುಷ್ಕ ಸಂಗ್ರಹವೆಂದು ಬಗೆದು ಬದಿಗಿಡುವುದೂ ವಾಡಿಕೆಯಾಗಿದೆ. ಹಾಗೆ ಓದಿದವರಿಗೆ ಯೇಸುವಿನ ಪ್ರೇಮೋಪದೇಶ ಹೃದ್ಯವಾಗಿ ತೋರುವುದೇನೋ ದಿಟ. ಆದರೆ ಆ ಪ್ರೇಮ ಯಾವ ಹೊಲದಲ್ಲಿ ಬೆಳೆಯಿತು, ಯಾವ ಕೂಲಿಕಾರನ ಹಸಿವನ್ನು ಕಣ್ಣಮುಂದಿಟ್ಟುಕೊಂಡು ವಿಧಿಯಾಯಿತು ಎಂಬುದು ಅವರಿಗೆ ಗೋಚರವಾಗದೆ ಹೋಗುತ್ತದೆ.

ತುಮಕೂರು ಸೀಮೆಗೆ ಈ ಗ್ರಂಥ ಬಂದು ಬಹುಕಾಲವಾಯಿತು. ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ 1837ರಲ್ಲಿ ಗುಬ್ಬಿಯಲ್ಲಿ ನೆಲೆನಿಂತರು. 1839ರಲ್ಲಿ ಅಲ್ಲಿಗೆ ಬಂದ ತರುಣ ವಿಲಿಯಂ ಆರ್ಥರ್, ಆರೋಗ್ಯ ಕೆಟ್ಟು 1841ರಲ್ಲಿ ಸ್ವದೇಶಕ್ಕೆ ಮರಳಿದರೂ, ಮೈಸೂರು ಸೀಮೆಯ ಆ ಅಲ್ಪಕಾಲದ ಅನುಭವವನ್ನು 1847ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದರು. ಗುಬ್ಬಿಯ ಜೊತೆಗೆ ಕುಣಿಗಲೂ, ಮುಂದೆ ತುಮಕೂರೂ ಆ ಮಿಷನ್ನಿನ ಕಾರ್ಯಕ್ಷೇತ್ರಗಳಾದವು. ಅವರಿಗೆ ಮೊದಲೇ, ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದೀರ್ಘಶ್ರಮದಿಂದ, ಸಂಪೂರ್ಣ ಬೈಬಲು 1831ರ ಹೊತ್ತಿಗೆ ಕನ್ನಡದಲ್ಲಿ ಸಿದ್ಧವಾಗಿತ್ತು.

ಆ ಗ್ರಂಥದಲ್ಲಿ ಪ್ರೊಟೆಸ್ಟೆಂಟರ ಎಣಿಕೆಯಂತೆ 66 ಪುಸ್ತಕಗಳು; ಅವುಗಳಲ್ಲಿ ಕ್ರಿಸ್ತನ ತರುವಾಯ ಹುಟ್ಟಿದವು 27 ಮಾತ್ರ. ಮಿಕ್ಕ 39 ಯೆಹೂದ್ಯರ ಶಾಸ್ತ್ರವೇ ಆಗಿದ್ದು, ಯೆಹೂದ್ಯರು ಅವನ್ನೇ 24 ಎಂದೆಣಿಸಿ, ಧರ್ಮಶಾಸ್ತ್ರ, ಪ್ರವಾದಿಗಳು, ಇತರ ಬರಹಗಳು ಎಂದು ಮೂರಾಗಿ ವಿಂಗಡಿಸುತ್ತಾರೆ. ಸಾಮಗ್ರಿ ಒಂದೇ ಆದರೂ ಜೋಡಣೆ ಬೇರೆ. ಯೆಹೂದ್ಯರ ಶಾಸ್ತ್ರ ಪೂರ್ವಕಾಲವೃತ್ತಾಂತದಿಂದ, ಎಂದರೆ ಸೆರೆಹೋದವರು ಯೆರೂಸಲೇಮಿಗೆ ಮರಳಲೆಂಬ ಪಾರಸಿಯ ರಾಜ ಕೋರೆಷನ ಅಪ್ಪಣೆಯಿಂದ, ಮುಗಿಯುತ್ತದೆ. ಕ್ರೈಸ್ತರದಾದರೋ ಮಲಾಕಿಯ ಪ್ರವಾದಿಯ ಗ್ರಂಥದಿಂದ, ಎಲೀಯನು ಮತ್ತೆ ಬರುವನೆಂಬ ವಾಗ್ದಾನದಿಂದ, ಮುಗಿದು, ಆ ಎಲೀಯನೆಂದು ಕ್ರೈಸ್ತರು ಬಗೆಯುವ ಸ್ನಾನಿಕ ಯೋಹಾನನತ್ತ ವಾಚಕನ ಮುಖವನ್ನು ತಿರುಗಿಸುತ್ತದೆ.

ಯೇಸು ಹುಟ್ಟಿನಿಂದಲೂ ಶಿಕ್ಷಣದಿಂದಲೂ ಯೆಹೂದ್ಯನು. ನಜರೇತಿನ ಸಭಾಮಂದಿರದಲ್ಲಿ ಆತನು ಎದ್ದುನಿಂತು ಓದಿದ್ದು ಯೆಶಾಯನ ಸುರುಳಿಯನ್ನು. ಆಜ್ಞೆಗಳಲ್ಲಿ ಯಾವುದು ಶ್ರೇಷ್ಠವೆಂದು ಕೇಳಿದಾಗ ಆತನು ಎತ್ತಿಹೇಳಿದ ಎರಡೂ ಪುರಾತನ ವಚನಗಳೇ. ದೇವರನ್ನು ಪೂರ್ಣಮನಸ್ಸಿನಿಂದ ಪ್ರೀತಿಸಬೇಕೆಂಬುದು ಧರ್ಮೋಪದೇಶಕಾಂಡದ 6ನೆಯ ಅಧ್ಯಾಯದ್ದು. ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬುದು ಯಾಜಕಕಾಂಡದ 19ನೆಯದು. ಯಾಜಕಕಾಂಡದ ಈ ಅಧ್ಯಾಯವನ್ನು ಪೂರ್ತಿಯಾಗಿ ಓದುವ ಶ್ರಮವನ್ನು ವಾಚಕರು ವಹಿಸಬೇಕೆಂದು ನಾನು ಮನಃಪೂರ್ವಕವಾಗಿ ಬೇಡುತ್ತೇನೆ. ಏಕೆಂದರೆ ಪ್ರೀತಿಯ ಆ ಸುಪ್ರಸಿದ್ಧ ವಾಕ್ಯ ಅಲ್ಲಿ ಒಂಟಿಯಾಗಿ ನಿಂತಿಲ್ಲ. ಅದಕ್ಕಿಂತ ಮೊದಲು, ಬೆಳೆ ಕೊಯ್ಯುವವನು ಹೊಲದ ಅಂಚನ್ನು ಕೊಯ್ಯದೆ ಬಿಡತಕ್ಕದ್ದು, ಉದುರಿದ ತೆನೆಗಳನ್ನು ತಾನು ಆರಿಸಿಕೊಳ್ಳಕೂಡದು, ಹಕ್ಕಲು ಬಡವನಿಗೂ ಪರದೇಶಿಗೂ ಸೇರಿದ್ದು ಎಂಬ ವಿಧಿಯಿದೆ. ಕೂಲಿಯವನ ಸಂಬಳವನ್ನು ಬೆಳಗಿನವರೆಗೆ ಇಟ್ಟುಕೊಳ್ಳಬಾರದೆಂಬ ವಿಧಿಯಿದೆ. ಅದರ ತರುವಾಯ, ಪರದೇಶಿಯನ್ನು ಸ್ವದೇಶದವನಂತೆಯೇ ಕಾಣಬೇಕು, ತಕ್ಕಡಿಯೂ ಅಳತೆಯೂ ನ್ಯಾಯವಾಗಿರಬೇಕು ಎಂಬ ವಿಧಿಗಳಿವೆ. ಅಲ್ಲಿನ ಪ್ರೀತಿಗೆ ಹೊಲದ ಎಲ್ಲೆಯುಂಟು, ದಿನದ ಗಡುವುಂಟು, ತೂಕದ ಕಲ್ಲುಂಟು.

ಕುಣಿಗಲಿನ ಕೆರೆಯ ಕೆಳಗಣ ಗದ್ದೆಗಳನ್ನೂ ಗುಬ್ಬಿಯ ರಾಗಿಹೊಲಗಳನ್ನೂ ಕಂಡವರಿಗೆ ಇದು ದೂರದೇಶದ ಮಾತಾಗಿ ತೋರದು. ಕೊಯ್ಲಾದ ಹೊಲದಲ್ಲಿ ತೆನೆಯಾಯುವ ಬಡ ಹೆಂಗಸು ನಮ್ಮ ಹಳ್ಳಿಗಳಿಗೂ ಪರಿಚಿತಳೇ. ಯೆಹೂದ್ಯಶಾಸ್ತ್ರದಲ್ಲಿ ಆಕೆಗೆ ರೂತಳೆಂಬ ಹೆಸರಿದೆ. ಮೋವಾಬ್ ದೇಶದ ಆ ವಿಧವೆ, ಅತ್ತೆಯ ಜೊತೆ ಬೇತ್ಲೆಹೇಮಿಗೆ ಬಂದು, ಬೋವಜನೆಂಬವನ ಹೊಲದಲ್ಲಿ ಹಕ್ಕಲಾಯ್ದು ಇಬ್ಬರ ಹೊಟ್ಟೆ ಹೊರೆದಳು. ಆಕೆಯ ಮರಿಮಗನೇ ದಾವೀದರಾಜ. ಮತ್ತಾಯನು ಯೇಸುವಿನ ವಂಶಾವಳಿಯನ್ನು ಬರೆಯುವಾಗ ಅನ್ಯಕುಲದ ಈ ಹೆಂಗಸಿನ ಹೆಸರನ್ನು ಬಿಡದೆ ಸೇರಿಸಿದ್ದಾನೆ. ವಂಶಾವಳಿಯೆಂದು ಪುಟ ಮಗುಚುವವರು ಕಳೆದುಕೊಳ್ಳುವುದು ಇಂಥದನ್ನೇ.

ಇನ್ನು ಯೇಸು ಹೇಳಿದ ದ್ರಾಕ್ಷಾತೋಟದ ಕೂಲಿಗಳ ಸಾಮತಿಯನ್ನು, ಎಂದರೆ ದೃಷ್ಟಾಂತಕಥೆಯನ್ನು, ನೋಡಿ. ಹೊತ್ತಿಳಿದ ಮೇಲೆ ಬಂದವನಿಗೂ ಒಡೆಯನು ಪೂರ್ಣದಿನದ ಕೂಲಿಯನ್ನು ಕೊಟ್ಟನೆಂಬುದರಲ್ಲಿ ದೈವಕೃಪೆಯನ್ನು ಕಾಣುವವರು, ಸಂಜೆಯಾಗುತ್ತಲೇ ಅವನು ಪಾರುಪತ್ಯಗಾರನನ್ನು ಕರೆದು ಬಟವಾಡೆ ಮಾಡಿಸಿದ್ದನ್ನು ಗಮನಿಸುವುದಿಲ್ಲ. ಬಡವನು ತನ್ನ ಕೂಲಿಯ ಮೇಲೆಯೇ ಜೀವವಿಟ್ಟುಕೊಂಡಿರುವನಾದ್ದರಿಂದ ಹೊತ್ತು ಮುಳುಗುವ ಮುಂಚೆ ಅದನ್ನು ಕೊಟ್ಟುಬಿಡಬೇಕೆಂದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ವಿಧಿಸುತ್ತದೆ. ಯೇಸುವಿನ ಒಡೆಯನು ಮೊದಲು ಆ ಧರ್ಮವನ್ನು ನಡೆಸಿ, ಅದರ ಮೇಲೆ ಔದಾರ್ಯವನ್ನು ತೋರಿಸಿದನು; ಧರ್ಮವನ್ನು ತಪ್ಪಿಸಿ ದಾನಿಯಾಗಲಿಲ್ಲ.

ಈ ಶಾಸ್ತ್ರದಲ್ಲಿ ಎಲ್ಲವೂ ನಮಗೆ ಒಪ್ಪಿತವಾಗುವುದೆಂದು ಹೇಳಲಾಗದು. ಗುಲಾಮಗಿರಿಯನ್ನು ಸಹಿಸಿದ ವಚನಗಳೂ ಅಲ್ಲಿವೆ. ಹಾಗಿದ್ದರೂ ಎರಡನೆಯ ಶತಮಾನದ ಮಾರ್ಸಿಯನ್ ಎಂಬಾತ ಯೆಹೂದ್ಯರ ಗ್ರಂಥಗಳನ್ನೆಲ್ಲ ತೊರೆಯಬೇಕೆಂದು ವಾದಿಸಿದಾಗ ಕ್ರೈಸ್ತ ಸಭೆ ಅವನನ್ನು ಹೊರಹಾಕಿ ಗ್ರಂಥಗಳನ್ನು ಉಳಿಸಿಕೊಂಡಿತು. ಆದರೆ ಗ್ರಂಥವನ್ನು ಉಳಿಸಿಕೊಂಡವರೇ ಅದನ್ನು ಕೊಟ್ಟ ಜನಾಂಗವನ್ನು ಶತಮಾನಗಳ ಕಾಲ ಹಿಂಸಿಸಿದ್ದು ಕ್ರೈಸ್ತ ಚರಿತ್ರೆಯ ಘೋರ ಕಳಂಕ. ಯೆಹೂದ್ಯಜನಾಂಗದ ಮೇಲೆ ಕ್ರಿಸ್ತನ ಮರಣದ ದೋಷವನ್ನು ಹೊರಿಸಲಾಗದೆಂದು ಕ್ಯಾಥೊಲಿಕ್ ಸಭೆ ಅಧಿಕೃತವಾಗಿ ಘೋಷಿಸಿದ್ದು 1965ರಷ್ಟು ತಡವಾಗಿ.

ಇನ್ನು ತುಮಕೂರು ಸೀಮೆಗೆ ಮರಳಿದರೆ, 1876ರಿಂದ 1878ರವರೆಗೆ, ಧಾತು ಈಶ್ವರ ಸಂವತ್ಸರಗಳಲ್ಲಿ, ಮೈಸೂರು ಸಂಸ್ಥಾನವನ್ನು ಹಾಳುಗೆಡವಿದ ಬರದ ತರುವಾಯ ವೆಸ್ಲಿಯನ್ನರು ತುಮಕೂರಿನಲ್ಲಿ ಅನಾಥ ಬಾಲಕರನ್ನು ಇರಿಸಿ ಸಲಹಿದರು. ಪರದೇಶಿ, ತಾಯಿತಂದೆಗಳಿಲ್ಲದವನು, ವಿಧವೆ ಎಂದು ಧರ್ಮೋಪದೇಶಕಾಂಡ ಮತ್ತೆಮತ್ತೆ ಒಟ್ಟಿಗೆ ಹೆಸರಿಸುವ ಮೂವರಲ್ಲಿ ಒಬ್ಬನು ಹೀಗೆ ಊರಿನ ಬಾಗಿಲಿಗೇ ಬಂದಿದ್ದನು. ಈಗ ತುಮಕೂರಿನ ಬಳಿಯ ವಸಂತನರಸಾಪುರದಲ್ಲಿ ಕಾರ್ಖಾನೆಗಳೆದ್ದಿವೆ. ದೂರದ ಪ್ರಾಂತಗಳಿಂದ ಬಂದ ಗುತ್ತಿಗೆಯ ಕೆಲಸಗಾರರಿಗೆ ಇಲ್ಲಿ ಭಾಷೆಯೂ ಹೊಸದು, ಬಂಧುಗಳೂ ಇಲ್ಲ. ಮನೆಯ ಆಳೂ, ಎತ್ತೂ, ಊರಲ್ಲಿರುವ ಪರದೇಶಿಯೂ ಏಳನೆಯ ದಿನ ವಿಶ್ರಮಿಸಬೇಕೆಂದು ವಿಧಿಸಿ, ನೀವೂ ಐಗುಪ್ತದಲ್ಲಿ ದಾಸರಾಗಿದ್ದಿರಿ ಎಂದು ಅದಕ್ಕೆ ಕಾರಣವನ್ನು ಕೊಟ್ಟ ಶಾಸ್ತ್ರವನ್ನು ಅವರನ್ನು ಕಣ್ಣಮುಂದಿಟ್ಟುಕೊಂಡು ಓದುವುದು ಉಚಿತ. ಓದಲು ತೊಡಗುವವರು ರೂತಳ ನಾಲ್ಕು ಅಧ್ಯಾಯಗಳಿಂದ ಆರಂಭಿಸಿ, ಯಾಜಕಕಾಂಡದ 19ನ್ನೂ ಧರ್ಮೋಪದೇಶಕಾಂಡದ 24ನ್ನೂ ಓದಿಕೊಂಡು, ಆಮೇಲೆ ಮತ್ತಾಯನ 20ನೆಯ ಅಧ್ಯಾಯಕ್ಕೆ ಬರಲಿ.