ಕರುಳಿನ ಒಳಗೆ ನೋಡುವ ಪರೀಕ್ಷೆ

ಕಕ್ಕಸಿಗೆ ಹೋದಾಗ ರಕ್ತ ಬಿದ್ದರೆ ನೀವು ಏನು ಮಾಡ್ತೀರಿ? ತುಂಬಾ ಜನ ನಾಚಿಕೆಯಿಂದ ಯಾರಿಗೂ ಹೇಳೋದಿಲ್ಲ. ‘ಮೂಲವ್ಯಾಧಿ ಇರಬೇಕು’ ಅಂತ ಸುಮ್ಮನಾಗ್ತಾರೆ. ಮೂಲವ್ಯಾಧಿಯೇ ಇರಬಹುದು. ಆದರೆ ಕರುಳಿನ ಹುಣ್ಣು, ಗಂಟು, ಕ್ಯಾನ್ಸರ್ ಕೂಡ ಇರಬಹುದು. ಹೊರಗಿನಿಂದ ಗೊತ್ತಾಗೋದಿಲ್ಲ. ಒಳಗೆ ನೋಡುವ ಪರೀಕ್ಷೆಗೆ ಕೊಲೊನೋಸ್ಕೋಪಿ ಅಂತಾರೆ.

ನಮ್ಮ ಕರುಳು

ನೀವು ತಿಂದ ಮುದ್ದೆ ಜಠರದಿಂದ ಸಣ್ಣ ಕರುಳಿಗೆ ಹೋಗುತ್ತದೆ. ಅದು ಸುಮಾರು 20 ಅಡಿ ಉದ್ದ. ಊಟದ ಸತ್ವ ಅಲ್ಲಿ ರಕ್ತಕ್ಕೆ ಸೇರುತ್ತದೆ. ಉಳಿದದ್ದು ದೊಡ್ಡ ಕರುಳಿಗೆ ಬರುತ್ತದೆ. ಇದರ ಉದ್ದ ಸುಮಾರು 5 ಅಡಿ ಮಾತ್ರ. ಆದರೆ ಅಗಲ ಹೆಚ್ಚು. ಅದಕ್ಕೇ ದೊಡ್ಡ ಕರುಳು. ಇದು ನೀರನ್ನು ಹೀರುತ್ತದೆ. ಉಳಿದದ್ದು ಗಟ್ಟಿಯಾಗಿ ಮಲವಾಗುತ್ತದೆ.

ಪರೀಕ್ಷೆಗೆ ಮೊದಲು

ನೀರು ಕದಡಿದರೆ ಬಾವಿಯ ತಳ ಕಾಣುತ್ತದೆಯೇ? ಇಲ್ಲ. ಹಾಗೆಯೇ ಕರುಳೂ ಶುದ್ಧವಾಗಿರಬೇಕು. ಕೆಲವು ದಿನ ಮೊದಲೇ ಕಡಲೆಕಾಯಿ, ಸೊಪ್ಪು, ಬೀಜದ ಹಣ್ಣು ಬಿಡಲು ಹೇಳುತ್ತಾರೆ. ಹಿಂದಿನ ದಿನ ಸಾಮಾನ್ಯವಾಗಿ ಎಳನೀರು, ತಿಳಿ ಸಾರು ಮಾತ್ರ. ಭೇದಿಯ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಯಬೇಕು. ಸಕ್ಕರೆ ಕಾಯಿಲೆಗೆ, ರಕ್ತ ತೆಳುವಾಗಲು ಮಾತ್ರೆ ತಗೊಳ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ನೀವಾಗಿ ನಿಲ್ಲಿಸಬೇಡಿ.

ಪರೀಕ್ಷೆಯ ದಿನ

ಎಡಮಗ್ಗುಲಿಗೆ ಮಲಗಿಸುತ್ತಾರೆ. ಮೇಲೆ ಬಟ್ಟೆ ಹೊದಿಸುತ್ತಾರೆ. ಮಂಪರು ಬರುವ ಸೂಜಿ ಕೊಡುತ್ತಾರೆ. ಬೆರಳಿನಷ್ಟು ದಪ್ಪದ, ಬಾಗುವ ಕೊಳವೆಯನ್ನು ಗುದದ್ವಾರದಿಂದ ಒಳಗೆ ಬಿಡುತ್ತಾರೆ. ಅದರ ತುದಿಯಲ್ಲಿ ದೀಪ, ಕ್ಯಾಮೆರಾ ಇರುತ್ತವೆ. ವೈದ್ಯರು ಟಿ.ವಿ.ಯಲ್ಲಿ ನೋಡುತ್ತಾರೆ. ಸುಮಾರು ಅರ್ಧ ಗಂಟೆ ಹಿಡಿಯುತ್ತದೆ.

ಸಣ್ಣ ಗಂಟು ಕಂಡರೆ ತಂತಿಯ ಕುಣಿಕೆಯಿಂದ ತೆಗೆಯಬಹುದು. ಹೊಟ್ಟೆ ಕೊಯ್ಯಬೇಕಿಲ್ಲ. 1969ರಲ್ಲಿ ನ್ಯೂಯಾರ್ಕಿನಲ್ಲಿ ಡಾ. ಹಿರೋಮಿ ಶಿನ್ಯಾ ಹೀಗೆ ಗಂಟು ತೆಗೆದರು. ಕೆಲವು ಗಂಟುಗಳು ವರ್ಷಗಳ ನಂತರ ಕ್ಯಾನ್ಸರ್ ಆಗುತ್ತವೆ. ಮೊದಲೇ ತೆಗೆದರೆ ಅಪಾಯ ಕಡಿಮೆ.

ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಜೊತೆಗೆ ಒಬ್ಬರು ಇರಲಿ. ಅವತ್ತು ಬೈಕ್ ಓಡಿಸಬೇಡಿ. ಹೊಟ್ಟೆ ಉಬ್ಬರ ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಜೋರು ನೋವು, ಜ್ವರ, ಹೆಚ್ಚು ರಕ್ತ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಚೀಟಿ ಓದಿಸಿಕೊಳ್ಳಿ

ಹಿಂದೂಪುರ, ಕಲ್ಯಾಣದುರ್ಗದ ಕಡೆ ಆಸ್ಪತ್ರೆ ಚೀಟಿ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ನೀವು ಕಲಿತದ್ದು ಕನ್ನಡ. ಸಂಕೋಚ ಬೇಡ. ‘ಸ್ವಲ್ಪ ಓದಿ ಹೇಳಮ್ಮ’ ಅಂತ ನರ್ಸಮ್ಮನನ್ನು ಕೇಳಿ. ಊಟ ಯಾವಾಗ ಬಿಡಬೇಕು, ಪುಡಿ ಯಾವಾಗ ಕುಡಿಯಬೇಕು, ಎಷ್ಟು ಗಂಟೆಗೆ ಬರಬೇಕು? ಮೂರನ್ನೂ ನಿಮ್ಮ ಕೈಯಾರೆ ಕನ್ನಡದಲ್ಲಿ ಬರೆದುಕೊಳ್ಳಿ. ಕಲಿತ ಅಕ್ಷರ ಇಲ್ಲಿ ಕೆಲಸಕ್ಕೆ ಬರುತ್ತದೆ.

ಮಲದಲ್ಲಿ ರಕ್ತ, ವಾರಗಟ್ಟಲೆ ಭೇದಿ ಅಥವಾ ಮಲಬದ್ಧತೆ, ಕಾರಣವಿಲ್ಲದೆ ತೂಕ ಇಳಿಯುವುದು: ಇವು ಕಂಡರೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಪರೀಕ್ಷೆ ಬೇಕೋ ಬೇಡವೋ ವೈದ್ಯರು ಹೇಳುತ್ತಾರೆ.

ಓದಿ, ಉತ್ತರ ಬರೆಯಿರಿ

1. ದೊಡ್ಡ ಕರುಳಿನ ಕೆಲಸ ಏನು?
2. ಪರೀಕ್ಷೆಗೆ ಮೊದಲು ಕರುಳು ಏಕೆ ಶುದ್ಧವಾಗಿರಬೇಕು?
3. ಚೀಟಿಯಿಂದ ಯಾವ ಮೂರು ವಿಷಯ ಬರೆದುಕೊಳ್ಳುತ್ತೀರಿ?