ತೋರುವ ಲೆಕ್ಕ, ಇರುವ ಲೆಕ್ಕ

ನಿಜಗುಣ ಶಿವಯೋಗಿಗಳು ತಪೋನಿರತರಾಗಿದ್ದರೆಂಬ ಪ್ರತೀತಿಯುಳ್ಳ ಶಂಭುಲಿಂಗನ ಬೆಟ್ಟವು ನಮ್ಮ ಕೊಳ್ಳೇಗಾಲ, ಯಳಂದೂರು ಸೀಮೆಯದು. ಅವರ 'ವಿವೇಕಚಿಂತಾಮಣಿ'ಯು ಕನ್ನಡದ ವಿಶ್ವಕೋಶವೆಂದೇ ಮನ್ನಣೆ ಪಡೆದಿದೆ. ಇಂತಹ ಗ್ರಂಥಗಳು ಶತಮಾನಗಳ ಕಾಲ ಓಲೆಯಿಂದ ಓಲೆಗೆ ಪ್ರತಿಯಾಗುತ್ತ ಉಳಿದು ಬಂದವು. ಕಾವ್ಯಗಳ ಪ್ರತಿಗಳಲ್ಲಿ ಸಂಧಿ ಎಷ್ಟು, ಪದ್ಯ ಎಷ್ಟು ಎಂಬುದನ್ನು ಕೊನೆಯಲ್ಲಿ ಬರೆದಿಡುವ ರೂಢಿಯಿತ್ತು. ಓದುವವರು ಎಣಿಸಿ ನೋಡಿ ಪ್ರತಿಯು ಪೂರ್ಣವೋ ಅಪೂರ್ಣವೋ ಎಂದು ನಿರ್ಣಯಿಸಬಹುದಾಗಿತ್ತು.

ಇಂದು ಓಲೆಗರಿಗಳ ಛಾಯಾಪ್ರತಿಗಳು, ಮಲೆ ಮಹದೇಶ್ವರ ಬೆಟ್ಟದ ಜಾತ್ರೆಯ ವಿಡಿಯೋಗಳು, ಕಂಸಾಳೆಯವರು ಹಾಡುವ ಮಾದೇಶ್ವರನ ಕಥೆಯ ಧ್ವನಿಮುದ್ರಣಗಳು ಕಂಪ್ಯೂಟರಿನ ಕಡತಗಳಾಗಿ ಹನೂರು, ಯಳಂದೂರುಗಳ ಮನೆಗಳನ್ನೂ ತಲುಪುತ್ತಿವೆ. ಕಡತವು ಬಹಳ ದೊಡ್ಡದಾದಾಗ ಕೆಲವು ಹಳೆಯ ತಂತ್ರಾಂಶಗಳಲ್ಲಿ ಒಂದು ವಿಚಿತ್ರ ಕಾಣುತ್ತದೆ. ಡೌನ್‌ಲೋಡ್ ಆಗುತ್ತಿರುವಾಗ ಪರದೆಯ ಮೇಲೆ ಶೇಕಡಾ ಅಂಕೆಯು ಸೊನ್ನೆಗಿಂತ ಕೆಳಗಿಳಿಯುತ್ತದೆ, ಐದು ಜಿ.ಬಿ. ಕಡತವು ಒಂದೇ ಜಿ.ಬಿ. ಎಂದು ತೋರುತ್ತದೆ. ಕೆಟ್ಟುಹೋಯಿತೆಂದು ಬೆದರಿ ಅದನ್ನು ಅಳಿಸಿದರೆ, ಸರಿಯಾಗಿ ಬರುತ್ತಿದ್ದುದೂ ಕೈತಪ್ಪುವುದು. ಕಳುಹಿಸಿದವರು ಮೂಲಪ್ರತಿಯನ್ನು ಆಗಲೇ ತೆಗೆದುಹಾಕಿದ್ದರಂತೂ ಹಿರಿಯರ ದನಿಯು ಶಾಶ್ವತವಾಗಿ ನಷ್ಟವಾದಂತೆಯೇ ಸರಿ.

ಇದರ ಕಾರಣವನ್ನು ಅರಿತರೆ ಭಯವಿಲ್ಲ. ಬೆಟ್ಟಕ್ಕೆ ಹತ್ತುವ ಹಳೆಯ ಬಸ್ಸಿನ ಕಿಲೋಮೀಟರು ಮಾಪಕದಲ್ಲಿ ಐದೇ ಅಂಕೆಗಳಿದ್ದರೆ, ೯೯,೯೯೯ ಆದೊಡನೆ ಬರಿಯ ಸೊನ್ನೆಗಳು ತೋರುವವು. ಆದರೆ ಬಸ್ಸು ಕ್ರಮಿಸಿದ ದಾರಿಯೇನೂ ಅಳಿಯದು. ಹಾಗೆಯೇ ಹಳೆಯ ತಂತ್ರಾಂಶಗಳು ಬೈಟುಗಳ ಲೆಕ್ಕಕ್ಕೆ ೩೨ ಸ್ಥಾನಗಳನ್ನು ಮಾತ್ರ ಇಟ್ಟಿದ್ದವು. ಅದರಲ್ಲಿ ಒಂದು ಸ್ಥಾನ ಕೂಡು-ಕಳೆ ಚಿಹ್ನೆಗೆ ಮೀಸಲಾದರೆ ಎಣಿಕೆಯ ಮೇರೆ ೨,೧೪,೭೪,೮೩,೬೪೭, ಅಂದರೆ ಸುಮಾರು ಎರಡು ಜಿ.ಬಿ. ಅದಕ್ಕೆ ಒಂದು ಸೇರಿದರೂ ಚಿಹ್ನೆಯ ಸ್ಥಾನ ಬದಲಾಗಿ, ಜಮೆಯು ಸಾಲವಾಗಿ ಕಾಣುತ್ತದೆ. ಶೇಕಡಾ ತೆಗೆಯಲು ಮೊದಲೇ ನೂರರಿಂದ ಗುಣಿಸುವ ತಂತ್ರಾಂಶವಾದರೆ, ಎರಡು ಕೋಟಿ ಹದಿನಾಲ್ಕು ಲಕ್ಷ ಚಿಲ್ಲರೆ ಬೈಟುಗಳಲ್ಲಿಯೇ ಎಡವುತ್ತದೆ. ಚಿಹ್ನೆಗೆ ಸ್ಥಾನ ಬಿಡದ ತಂತ್ರಾಂಶವು ನಾಲ್ಕು ಜಿ.ಬಿ. ಮುಟ್ಟಿದೊಡನೆ ಮತ್ತೆ ಸೊನ್ನೆಯಿಂದ ಎಣಿಸುತ್ತದೆ; ಐದು ಒಂದಾಗಿ ಕಾಣುವುದು ಈ ಕಾರಣದಿಂದ. ವಿಗೆಟ್ ಎಂಬ ಉಚಿತ ತಂತ್ರಾಂಶದಲ್ಲಿ ಎರಡು ಜಿ.ಬಿ. ಮೀರಿದ ಕಡತಗಳ ತೊಡಕು ಪರಿಹಾರವಾದುದು ೨೦೦೫ರ ೧.೧೦ ಆವೃತ್ತಿಯಲ್ಲಿ. ಇಂದಿನ ತಂತ್ರಾಂಶಗಳು ಸಾಮಾನ್ಯವಾಗಿ ೬೪ ಸ್ಥಾನಗಳಲ್ಲಿ ಎಣಿಸುತ್ತವೆ.

ಆದರೆ ಎಲ್ಲ ದೋಷವೂ ತೋರಿಕೆಯದಲ್ಲ. ಫ್ಯಾಟ್-೩೨ ಕ್ರಮದ ಪೆನ್‌ಡ್ರೈವಿನಲ್ಲಿ ಎಷ್ಟೇ ಜಾಗ ಉಳಿದಿದ್ದರೂ ನಾಲ್ಕು ಜಿ.ಬಿ. ತುಂಬಿದ ಒಂದೇ ಕಡತ ಹಿಡಿಯದು. ಇದು ನಿಜವಾದ ಮಿತಿ. ಅದನ್ನು ಎಕ್ಸ್‌ಫ್ಯಾಟ್ ಕ್ರಮಕ್ಕೆ ಮಾರ್ಪಡಿಸಬಹುದು. ಹಾಗೆ ಮಾಡಿದಾಗ ಅದರಲ್ಲಿರುವುದೆಲ್ಲ ಅಳಿಯುವುದರಿಂದ ಮೊದಲು ಬೇರೆಡೆ ಪ್ರತಿ ಮಾಡಿಕೊಳ್ಳತಕ್ಕದ್ದು.

ತೋರಿಕೆಯ ದೋಷವನ್ನೂ ನಿಜದ ದೋಷವನ್ನೂ ಬೇರ್ಪಡಿಸಲು ಪ್ರತಿಕಾರರ ಮಾರ್ಗವೇ ಮಾರ್ಗ. ಡೌನ್‌ಲೋಡ್ ನಿಂತ ಮೇಲೆ ಕಡತದ ಬೈಟುಗಳ ಪೂರ್ಣ ಸಂಖ್ಯೆಯನ್ನು ಕಳುಹಿಸಿದವರ ಸಂಖ್ಯೆಯೊಡನೆ ಹೋಲಿಸಬೇಕು. ಆದಿ, ಮಧ್ಯ, ಅಂತ್ಯಗಳನ್ನು ತೆರೆದು ನೋಡಬೇಕು. ಇನ್ನೂ ಖಚಿತವಾಗಬೇಕಾದರೆ ಎಸ್‌ಎಚ್‌ಎ-೨೫೬ ಎಂಬ ತಾಳೆಸಂಖ್ಯೆಯನ್ನು ಎರಡೂ ಕಡೆ ತೆಗೆಸಬೇಕು. ಒಂದು ಅಕ್ಷರ ಬದಲಾಗಿದ್ದರೂ ಅದು ಬೇರೆಯಾಗುತ್ತದೆ. ಇಷ್ಟು ಪರೀಕ್ಷೆ ಮುಗಿಯುವ ತನಕ ಮೂಲಪ್ರತಿಯನ್ನು ಯಾರೂ ಅಳಿಸಲಾಗದು. ಮನೆಯ ಮಕ್ಕಳಿಗೆ ಇದನ್ನು ತಿಳಿಸಿರಿ. ಓಲೆಗಳನ್ನು ಕಾಪಾಡಿದ ಹಿರಿಯರ ಎಚ್ಚರವು ಕಡತಗಳಿಗೂ ಸಲ್ಲಬೇಕಾದುದು.